ದೀಪದ ಮನೆಗೆ ಹೋದ ಮುದ್ದೆ ಕೋಲು

ಬೆಂಕಿಯ ವಿಷಯದಲ್ಲಿ ನಂಜಪ್ಪನಿಗೆ ಬುದ್ಧಿ ಹೇಳುವವರು ಅರಕಲಗೂಡು ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. (ಈ ಮಾತು ಅವನದೇ. ನಾವು ಎದುರಾಡುವುದು ಬೇಡ, ಕಥೆ ಮುಂದೆ ಸಾಗಲಿ.) ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಗೋಡೆಗೆ ಅಂಗೈ ಇಟ್ಟರೆ ಸಾಕು, ಒಳಗೆ ಶಾಖ ಎಷ್ಟಿದೆ, ಸೊಪ್ಪು ಹಳದಿಗೆ ತಿರುಗಿತೋ ಇಲ್ಲವೋ, ಯಾವ ಆಳು ಸೌದೆ ಹಾಕುವುದನ್ನು ಮರೆತು ತೂಕಡಿಸುತ್ತಿದ್ದಾನೆ ಎಂಬುದನ್ನೆಲ್ಲ ಅವನು ಕಣ್ಣು ಮುಚ್ಚಿಕೊಂಡು ಹೇಳಿಬಿಡುತ್ತಿದ್ದ. ಥರ್ಮಾಮೀಟರನ್ನೂ ಆಗಾಗ ನೋಡುತ್ತಿದ್ದ, ಆದರೆ ಅದು ಥರ್ಮಾಮೀಟರು ಸರಿಯಾಗಿದೆಯೋ ಇಲ್ಲವೋ ಎಂದು ಪರೀಕ್ಷಿಸಲು.

ಇಂಥ ಅಗ್ನಿವಿದ್ಯಾ ಪಾರಂಗತನ ಮನೆಯಲ್ಲೇ ಒಂದು ದಿನ ಅಡುಗೆಮನೆಯ ಕಡೆಯಿಂದ ಕಿಡಿ ಹಾರಿತು.

ಅಂದು ಆ ವರ್ಷದ ಕೊನೆಯ ಸೊಪ್ಪು ಹರಾಜಿಗೆ ಹೋಗಿ ಬ್ಯಾರನ್ನಿನ ಒಲೆ ತಣ್ಣಗಾಗಿತ್ತು. ನಂಜಪ್ಪ ಜಗಲಿಯ ಮೇಲೆ ಕಾಲು ಚಾಚಿ ಕೂತು, "ಅಬ್ಬಾ, ಮುಗೀತು ಕಣಮ್ಮಿ. ಇನ್ನು ಶುಂಠಿ ಕೀಳೋವರ್ಗೂ ಆರಾಮು" ಎಂದ. ಅವನ ಹೆಂಡತಿ ಚಿಕ್ಕಲಕ್ಷ್ಮಮ್ಮ ಒಳಗಿನಿಂದ ಸೌಟು ಹಿಡಿದುಕೊಂಡೇ ಬಂದಳು. ಬಂದವಳು ಸೌಟನ್ನು ಅವನ ಪಕ್ಕದಲ್ಲಿ ಇಟ್ಟು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಯಾರ್ಗೆ ಆರಾಮು?"

"ನಮ್ಗೆ."

"ನಮ್ಗೆ ಅಂದ್ರೆ ಯಾರ್ಯಾರ್ಗೆ? ಬ್ಯಾರನ್ ಒಲೆ ಆರೋಯ್ತು, ನಿಮ್ಗೆ ಆರಾಮಾಯ್ತು. ನನ್ನ ಒಲೆ ಯಾವತ್ತು ಆರ್ತದೆ ಅಂತ ಕೇಳಿದ್ದೀರಾ? ನಾಟಿ ಆಳ್ಗೆ ಇಟ್ಟು, ಸೊಪ್ಪು ಮುರಿಯೋ ಆಳ್ಗೆ ಇಟ್ಟು, ಬ್ಯಾರನ್ ಕಾಯೋ ಆಳ್ಗೆ ಇಟ್ಟು. ಇನ್ನು ಶುಂಠಿ ಆಳ್ಗೆ ಇಟ್ಟು. ಮದ್ವೆ ಆಗಿ ಬಂದಾಗಿಂದ ಒಲೆ ಕಡೆ ಮುಕ ಮಾಡ್ಕಂಡ್ ಕೂತಿವ್ನಿ. ಊರಲ್ಲಿ ನನ್ನ ಬೆನ್ನು ನೋಡಿ ಗುರ್ತಿಡಿತಾರೆ, ಮುಕ ಯಾರಿಗೂ ಗೊತ್ತಿಲ್ಲ!"

ನಮ್ಮ ಕಡೆ ರಾಗಿ ಹಿಟ್ಟನ್ನೂ ಅದರ ಮುದ್ದೆಯನ್ನೂ ಇಟ್ಟು ಎಂದೇ ಎನ್ನುವುದು. ಅದು ಅನ್ನದ ಜೊತೆಗಿನ ವ್ಯಂಜನವಲ್ಲ, ಅದೇ ಊಟ. ನಂಜಪ್ಪನಿಗೆ ಮಧ್ಯಾಹ್ನ ಒಂದು, ರಾತ್ರಿ ಒಂದು ಮುದ್ದೆ ಇಳಿಯದಿದ್ದರೆ ಆ ದಿನ ಆಯಿತೆಂದೇ ಲೆಕ್ಕವಿಲ್ಲ. ಆ ಮುದ್ದೆ ತಟ್ಟೆಗೆ ಬರುವ ಮೊದಲು ಎಲ್ಲಿರುತ್ತದೆ, ಹೇಗಿರುತ್ತದೆ ಎಂಬ ವಿಚಾರಕ್ಕೆ ಅವನು ಯಾವತ್ತೂ ತಲೆ ಹಾಕಿದವನಲ್ಲ.

ಮಗಳು ಸ್ಪಂದನಾ ಹಾಸನದಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು, ಅವತ್ತು ರಜೆಗೆ ಬಂದಿದ್ದಳು. ಜಗಳ ಕಾವೇರುವ ಮೊದಲೇ ಅವಳು ಮೊಬೈಲು ಹಿಡಿದುಕೊಂಡು ಇಬ್ಬರ ನಡುವೆ ಬಂದು ಕೂತಳು. ಸಮುದ್ರದ ಪಕ್ಕದಲ್ಲಿ ಹಳೇ ದೀಪಸ್ತಂಭಗಳಿವೆಯಂತೆ. ಹಡಗುಗಳಿಗೆ ದಾರಿ ತೋರಿಸುವ ಆ ದೀಪಗಳನ್ನು ಕಾಯುವವರಿಗೆಂದು ಹಿಂದಿನವರು ಬುಡದಲ್ಲೇ ಮನೆ ಕಟ್ಟಿಸಿದ್ದರಂತೆ. ಈಗ ದೀಪ ಕರೆಂಟಿನಲ್ಲಿ ತಾನೇ ಹತ್ತಿ ತಾನೇ ಆರುವುದರಿಂದ, ಕಾಯುವವರಿಲ್ಲದ ಆ ಮನೆಗಳನ್ನು ದುರಸ್ತಿ ಮಾಡಿ ಪ್ರವಾಸಿಗಳಿಗೆ ಕೊಡುತ್ತಿದ್ದಾರಂತೆ.

ಚಿಕ್ಕಲಕ್ಷ್ಮಮ್ಮ ಫೋಟೋ ನೋಡಿದಳು. ಬಿಳಿ ಗೋಪುರವನ್ನಾಗಲಿ ನೀಲಿ ಸಮುದ್ರವನ್ನಾಗಲಿ ಅವಳು ನೋಡಲಿಲ್ಲ. ಅವಳ ಬೆರಳು ಹೋಗಿ ನಿಂತದ್ದು ವರಾಂಡದಲ್ಲಿದ್ದ ಒಂದು ಬೆತ್ತದ ಕುರ್ಚಿಯ ಮೇಲೆ.

"ಈ ಕುರ್ಚೀಲಿ ಯಾರು ಕೂತ್ಕತಾರೆ?"

"ಯಾರೂ ಇಲ್ಲ ಅವ್ವ, ಖಾಲಿ ಅದೆ."

"ಅಂಗಾದ್ರೆ ನಾನು ಕೂತ್ಕತೀನಿ."

ಆಮೇಲೆ ಗಂಡನ ಕಡೆ ತಿರುಗಿ ಷರತ್ತು ಹಾಕಿದಳು. "ಮೂರು ದಿನ. ಆ ಮೂರು ದಿನ ನಾನು ಒಲೆ ಮುಟ್ಟಕಿಲ್ಲ. ಒಲೆ ಅಂದ್ರೆ ಗ್ಯಾಸು, ಕರೆಂಟ್ ಒಲೆ, ಎಲ್ಲಾ ಸೇರ್ತು. ಒಂದು ಲೋಟ ಕಾಫೀನೂ ಕಾಸಕಿಲ್ಲ. ಒಂದೇ ಒಂದ್ಸಲ ನನ್ನ ಕೈಲಿ ಒಲೆ ಮುಟ್ಸುದ್ರೋ, ಅಲ್ಲಿಂದ ನೆಟ್ಟಗೆ ಹೊಳೆನರಸೀಪುರಕ್ಕೆ, ನಮ್ಮಕ್ಕನ ಮನೆಗೆ. ಶುಂಠಿ ಕಿತ್ತು, ತೊಳ್ದು, ಲಾರಿಗೆ ತುಂಬೋವರ್ಗೂ ಈ ಕಡೆ ತಲೆ ಆಕಕಿಲ್ಲ. ಆಳ್ಗಳಿಗೆ ನೀವೇ ಇಟ್ಟು ಮಾಡಾಕಿ."

ನಂಜಪ್ಪ ಚಾಚಿದ್ದ ಕಾಲನ್ನು ಮಡಿಸಿಕೊಂಡ. ಅವಳು ಮಾತಿಗೆ ತಪ್ಪುವವಳಲ್ಲ. ಶುಂಠಿ ಕೀಳುವ ಆಳುಗಳೂ ಕಡಿಮೆಯವರಲ್ಲ. ಹೊತ್ತಿಗೆ ಸರಿಯಾಗಿ ಬಿಸಿ ಮುದ್ದೆ ಬರಲಿಲ್ಲವೆಂದರೆ ಕೈ ತೊಳೆದುಕೊಂಡು ಪಕ್ಕದ ಹೊಲಕ್ಕೆ ಹೊರಟುಬಿಡುತ್ತಾರೆ. ಆಮೇಲೆ ಶುಂಠಿ ಮಣ್ಣಿನಲ್ಲೇ ಕೂತು ಕೊಳೆಯಬೇಕು.

"ಆಯ್ತು ಕಣಮ್ಮಿ, ಮುಟ್ಸಾಕಿಲ್ಲ" ಎಂದ. ಸ್ಪಂದನಾ ಸಾಕ್ಷಿಯಾದಳು.

ಮಾತು ಕೊಟ್ಟ ಮೇಲೆ ನಂಜಪ್ಪನಿಗೆ ಹೊಳೆದ ಪ್ರಶ್ನೆಯೇ ಬೇರೆ. ಅಲ್ಲಿ ಮುದ್ದೆ ಸಿಗುತ್ತದೋ? ಮಗಳನ್ನು ಕೇಳಿದ. "ಅಪ್ಪಾ, ಅಲ್ಲಿ ಕುಚ್ಚಲಕ್ಕಿ ಅನ್ನ, ಮೀನು ಸಾರು. ಸೂಪರಾಗಿರ್ತದೆ" ಎಂದಳು. ಆ ರಾತ್ರಿ ನಂಜಪ್ಪ ಎರಡು ಮುದ್ದೆ ಹೆಚ್ಚಿಗೆ ಉಂಡ.

ಹೊರಡುವ ದಿನ ಅವನ ಚೀಲದಲ್ಲಿ ಪಂಚೆಗಳ ಕೆಳಗೆ ಒಂದು ಡಬ್ಬಿ ರಾಗಿ ಹಿಟ್ಟು ಮಲಗಿತ್ತು. ಛತ್ರಿಯ ಮಡಿಕೆಯೊಳಗೆ ಮುದ್ದೆ ಕೋಲು ಅಡಗಿತ್ತು. ಅವನ ಲೆಕ್ಕಾಚಾರ ವಕೀಲರನ್ನೂ ನಾಚಿಸುವಂತಿತ್ತು: ನಾನು ಒಲೆ ಮುಟ್ಟಿಸಿದರೆ ತಾನೇ ತಪ್ಪು? ಎರಡನೇ ದಿನ ಮುದ್ದೆಯ ಆಸೆ ತಡೆಯಲಾಗದೆ ಅವಳೇ ಹೋಗಿ ಮುಟ್ಟಿದರೆ? ಅವಳೂ ಅರಕಲಗೂಡಿನ ನೀರು ಕುಡಿದವಳೇ ಅಲ್ಲವೇ? ಆಗ ಹಿಟ್ಟೂ ಕೋಲೂ ದೈವಾನುಗ್ರಹದಂತೆ ಪ್ರತ್ಯಕ್ಷವಾದರೆ ಸಾಕು.

ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಚಿಕ್ಕಲಕ್ಷ್ಮಮ್ಮ ಛತ್ರಿಯನ್ನು ಕೈಗೆತ್ತಿಕೊಂಡು, "ಇದ್ಯಾಕಿಷ್ಟು ಭಾರ?" ಎಂದಳು.

"ಒಳ್ಳೆ ಛತ್ರಿ ಕಣಮ್ಮಿ. ಅಲ್ಲಿ ಗಾಳಿ ಜಾಸ್ತಿ."

ಅವಳು ಅವನ ಮುಖವನ್ನು ಒಂದು ಸಲ ನೋಡಿ ಛತ್ರಿಯನ್ನು ವಾಪಸು ಕೊಟ್ಟಳು.

ಆ ದೀಪಸ್ತಂಭ ಕರಾವಳಿಯ ಯಾವ ಊರಿನದೆಂದು ನಾನು ಹೇಳುವುದಿಲ್ಲ. ಹೇಳಿದರೆ ನಾಳೆ ನೀವೆಲ್ಲ ಅಲ್ಲಿಗೆ ಹೊರಡುತ್ತೀರಿ, ಇರುವುದು ಎರಡೇ ಮನೆ. ಘಟ್ಟ ಇಳಿದು, ಬಸ್ಸು ಬದಲಿಸಿ, ಆಟೋದಲ್ಲಿ ಕುಲುಕಿ ಗಂಡಹೆಂಡಿರಿಬ್ಬರೂ ಅಲ್ಲಿ ತಲುಪಿದಾಗ ಇಳಿಹೊತ್ತು. ಮನೆಗಳನ್ನು ನೋಡಿಕೊಳ್ಳುವ ವಾಮನ ಗೇಟಿನಲ್ಲೇ ಕಾದಿದ್ದ. "ಬನ್ನಿ ಬನ್ನಿ. ಘಟ್ಟದಲ್ಲಿ ಬ್ಲಾಕ್ ಇತ್ತಾ ಎಂತ?" ಎಂದು ಚೀಲ ತೆಗೆದುಕೊಂಡ. (ಛತ್ರಿಯನ್ನು ನಂಜಪ್ಪ ಕೊಡಲಿಲ್ಲ.)

ದಪ್ಪ ಕಲ್ಲಿನ ಗೋಡೆ, ಎತ್ತರದ ಮಾಡು, ಬಿಳಿ ಸುಣ್ಣ. ವಾಮನ ಮನೆಯ ಚರಿತ್ರೆಯನ್ನು ಬಾಯಿಪಾಠ ಒಪ್ಪಿಸಿದ. ದೊಡ್ಡ ಕಾವಲುಗಾರ ಈ ಮನೆಯಲ್ಲಿ, ಸಣ್ಣ ಕಾವಲುಗಾರ ಆ ಮನೆಯಲ್ಲಿ. ಎಣ್ಣೆಯ ಡಬ್ಬ ಹೊತ್ತು ಮೆಟ್ಟಿಲು ಹತ್ತಬೇಕಿತ್ತು, ಬತ್ತಿ ಕತ್ತರಿಸಬೇಕಿತ್ತು, ಬೆಳಗಿನ ತನಕ ಕಣ್ಣು ಮುಚ್ಚುವಂತಿರಲಿಲ್ಲ.

"ಥೇಟ್ ನಮ್ ಬ್ಯಾರನ್ ಕಾಯೋ ತರವೇ!" ನಂಜಪ್ಪನಿಗೆ ಆ ಸತ್ತ ಕಾವಲುಗಾರನ ಮೇಲೆ ಒಡಹುಟ್ಟಿದವನ ಪ್ರೀತಿ ಉಕ್ಕಿತು.

"ಅವ್ನು ದೀಪ ಕಾಯ್ತಿದ್ದ, ಸರಿ" ಎಂದಳು ಚಿಕ್ಕಲಕ್ಷ್ಮಮ್ಮ. "ಅವ್ನ ಹೆಂಡ್ರು ಏನ್ ಮಾಡ್ತಿದ್ಲು?"

ವಾಮನನ ಪಾಠದಲ್ಲಿ ಇದು ಇರಲಿಲ್ಲ. ತಲೆ ಕೆರೆದುಕೊಂಡು, "ಅವರು... ಅಡಿಗೆ ಮಾಡ್ತಿದ್ರು ಕಾಣ್ತದೆ" ಎಂದ.

"ಅಂಗೇ ಅಂದ್ಕಂಡೆ" ಎಂದವಳೇ ಚಿಕ್ಕಲಕ್ಷ್ಮಮ್ಮ ವರಾಂಡಕ್ಕೆ ಹೋಗಿ ಬೆತ್ತದ ಕುರ್ಚಿಯಲ್ಲಿ ಕೂತಳು. ಮೊದಲು ತುದಿಯಲ್ಲಿ ಕೂತಳು. ಆಮೇಲೆ ಹಿಂದಕ್ಕೆ ಒರಗಿದಳು. ಕಾಲು ಚಾಚಿದಳು. ಅವಳ ಎದುರಿಗೆ ಅಷ್ಟು ದೊಡ್ಡ ಸಮುದ್ರ ಬಂದು ಬಂದು ಕಾಲಿಗೆ ಬೀಳುತ್ತಿತ್ತು. ಅವಳ ಮುಖ ಇಷ್ಟು ಅಗಲವಿದೆ ಎಂದು ನಂಜಪ್ಪನಿಗೂ ಅವತ್ತೇ ಗೊತ್ತಾದದ್ದು.

ಪಕ್ಕದ ಮನೆಯಲ್ಲಿ ಇಳಿದುಕೊಂಡಿದ್ದವರು ನಮ್ಮ ಜಿಲ್ಲೆಯವರೇ: ಚನ್ನರಾಯಪಟ್ಟಣದ ನಿವೃತ್ತ ಹೆಡ್‌ಮಾಸ್ಟರ್ ಗಂಗಾಧರಯ್ಯನವರು, ಅವರ ಮನೆಯವರು ಬಸವಲಿಂಗಮ್ಮ. ಮುಸ್ಸಂಜೆಗೆ ಗೋಪುರದ ಮೇಲೆ ದೀಪ ಹತ್ತಿದಾಗ ನಮ್ಮ ಕಡೆಯವರು ಮಾಡುವಂತೆ ನಾಲ್ವರೂ ಎದ್ದು ಕೈಮುಗಿದರು. ದೀಪ ಸುತ್ತು ಹಾಕಿ ಮತ್ತೆ ಬಂತು. ಚಿಕ್ಕಲಕ್ಷ್ಮಮ್ಮ ಮತ್ತೆ ಮುಗಿದಳು. ಮತ್ತೆ ಬಂತು, ಮತ್ತೆ ಮುಗಿದಳು.

"ಒಂದ್ಸಲ ಮುಗುದ್ರೆ ಸಾಕು ಕಣವ್ವ" ಎಂದರು ಬಸವಲಿಂಗಮ್ಮ.

"ಅದು ಅಷ್ಟು ದೂರ ಓಗಿ ಮತ್ತೆ ನಮ್ಮನ್ನ ಮಾತಾಡ್ಸಾಕೆ ಬತ್ತದಲ್ಲಕ್ಕ. ಸುಮ್ಕೆ ಕೂತ್ರೆ ಏನಂದ್ಕಂಡಾತು?"

ಊಟಕ್ಕೆ ವಾಮನ ಹಬೆಯಾಡುವ ಅನ್ನ, ಬಂಗುಡೆ ಸಾರು ಬಡಿಸಿದ. ಹೆಡ್‌ಮಾಸ್ಟರಿಗೆ ಬೇರೆ ಪಾತ್ರೆಯಲ್ಲಿ ಬಸಳೆ ಸಾರು. ಸಾರಿನ ಬಗ್ಗೆ ನಂಜಪ್ಪನ ತಕರಾರಿರಲಿಲ್ಲ, ಬೆರಳು ನೆಕ್ಕಿದ. ಅನ್ನದ ಅಗುಳು ಮಾತ್ರ ಒಂದೊಂದೂ ಹುಣಸೆಬೀಜದಷ್ಟಿತ್ತು. ಒಂದರ ಜೊತೆ ಒಂದಕ್ಕೆ ಮಾತುಕತೆಯೇ ಇರಲಿಲ್ಲ. ಎರಡು ಸಲ ಬಡಿಸಿಕೊಂಡು ಉಂಡು ಕೈ ತೊಳೆದು ಸ್ವಲ್ಪ ಹೊತ್ತು ಅಡ್ಡಾಡಿದ. ಆಮೇಲೆ ವಾಮನನ ಹತ್ತಿರ ಹೋಗಿ ಮೆಲ್ಲಗೆ, "ಊಟ ಯಾವಾಗಣ್ಣ?" ಎಂದು ಕೇಳಿದ.

ವಾಮನ ಗಾಬರಿಯಾದ. "ಈಗ ಉಂಡದ್ದು ಎಂತ ಮತ್ತೆ?"

"ಅದು ಅನ್ನ" ಎಂದ ನಂಜಪ್ಪ ದುಃಖದಿಂದ.

ಮರುದಿನ ಬೆಳಿಗ್ಗೆಯೂ ಮಧ್ಯಾಹ್ನವೂ ಅದೇ ಅನ್ನ. ನಂಜಪ್ಪನ ಹೊಟ್ಟೆ ತುಂಬಿತ್ತು, ಆದರೆ ಅದಕ್ಕೆ ನಂಬಿಕೆಯೇ ಬರುತ್ತಿರಲಿಲ್ಲ. ಅವನು ಕುರ್ಚಿಯ ಪಕ್ಕದಲ್ಲಿ ಕೂತು ಗಾಳ ಹಾಕಿದ.

"ನಿಂಗೆ ಏನಾದ್ರೂ ತಿನ್ಬೇಕು ಅನ್ಸಾಕಿಲ್ವಾ?"

"ಇಲ್ಲ."

"ಮನೆ ಕಡೇದು?"

"ಇಲ್ಲ."

"ಏನೋ ಒಂದು... ಬಿಸಿಬಿಸಿಯಾಗಿ... ಗುಂಡುಗುಂಡಾಗಿ?"

"ಸುಮ್ಕೆ ಸಮುದ್ರ ನೋಡ್ರಿ" ಎಂದಳು ಅವಳು ಕಣ್ಣು ಆ ಕಡೆಯಿಂದ ತೆಗೆಯದೆ. ನಂಜಪ್ಪ ನೋಡಿದ. ಅಷ್ಟೊಂದು ನೀರು, ಎಸರಿಡುವವರು ಒಬ್ಬರೂ ಇಲ್ಲ.

ಅವನ ವಕೀಲಿ ಲೆಕ್ಕಾಚಾರ ನೆಲ ಕಚ್ಚಿತು. ಎದ್ದು ಕಾಂಪೌಂಡಿನ ಮೂಲೆಗೆ ಹೋದರೆ ಅಲ್ಲಿ ಗಂಗಾಧರಯ್ಯನವರು ಸಮುದ್ರಕ್ಕೆ ಬೆನ್ನು ಹಾಕಿ ಘಟ್ಟದ ಕಡೆ ನೋಡುತ್ತಾ ನಿಂತಿದ್ದರು. ಒಬ್ಬರ ಮುಖ ಒಬ್ಬರು ನೋಡಿದ ಕೂಡಲೇ ಇಬ್ಬರಿಗೂ ಕಾಯಿಲೆ ಒಂದೇ ಎಂದು ತಿಳಿದುಹೋಯಿತು.

"ಸಾ" ಎಂದ ನಂಜಪ್ಪ ಪಿಸುದನಿಯಲ್ಲಿ, "ನನ್ನತ್ರ ಇಟ್ಟು ಅದೆ. ರಾಗಿದು. ಕೋಲೂ ಅದೆ."

ಹೆಡ್‌ಮಾಸ್ಟರು ಆಚೀಚೆ ನೋಡಿದರು. "ನಿಜವಾಗ್ಲೂ? ನಮ್ಮನೇವ್ರು ಇಲ್ಲಿ ಪಾತ್ರೆ ಮುಟ್ಟಲ್ಲ ಅಂದಿದಾರೆ. ನಿಮಗೆ ಮಾಡೋಕೆ ಬರುತ್ತಾ?"

"ಬೆಂಕಿ ಕೆಲ್ಸ ತಾನೆ ಸಾ? ನಂಗೆ ಬುಡಿ."

ಮನೆಗಳ ಹಿಂದೆ, ತೆಂಗಿನ ಮರಗಳ ನಡುವೆ ಹಳೆಯ ಕಾವಲುಗಾರರ ಅಡುಗೆಕೋಣೆ ಪ್ರತ್ಯೇಕವಾಗಿ ನಿಂತಿತ್ತು. ಒಳಗೆ ಮಣ್ಣಿನ ಒಲೆ. ಮೇಲೆ ಹೊಗೆಗೂಡು. ಬಾಗಿಲ ಮೇಲೆ "ಒಳಗೆ ಪ್ರವೇಶವಿಲ್ಲ" ಎಂಬ ಬೋರ್ಡು. ನಂಜಪ್ಪ ಬೋರ್ಡು ನೋಡಲಿಲ್ಲ, ಕಟ್ಟಡ ನೋಡಿದ. ದಪ್ಪ ಗೋಡೆ, ಗಿಡ್ಡ ಬಾಗಿಲು, ಅಂಗೈಯಗಲದ ಗವಾಕ್ಷಿಗಳು. "ಇದು ಬ್ಯಾರನ್ನೇ ಸಾ!" ಎಂದು ಗೋಡೆಗೆ ಕೈಯಿಟ್ಟು ಸವರಿದ. ಪರಸ್ಥಳದಲ್ಲಿ ಹುಟ್ಟೂರಿನವರು ಸಿಕ್ಕಷ್ಟು ಸಂತೋಷವಾಯಿತು ಅವನಿಗೆ.

ಸಂಜೆ ವಾಮನ ಮೀನು ತರಲು ಹೋದ ಹೊತ್ತು ನೋಡಿ ಕಾರ್ಯಾಚರಣೆ ಶುರುವಾಯಿತು. ಹೆಂಗಸರಿಬ್ಬರೂ ಮುಂದಿನ ವರಾಂಡದಲ್ಲಿದ್ದರು. ಹೆಡ್‌ಮಾಸ್ಟರು ಹೊರಗೆ ಕಾವಲು. ನಂಜಪ್ಪ ಒಳಗೆ ತೆಂಗಿನ ಸಿಪ್ಪೆ ಪೇರಿಸಿ ಬೆಂಕಿ ಹಾಕಿ, ವಾಮನನ ದೊಡ್ಡ ಪಾತ್ರೆಯಲ್ಲಿ ನೀರಿಟ್ಟು, ನೀರು ಬೆಚ್ಚಗಾಗುವ ಮೊದಲೇ ಹಿಟ್ಟನ್ನೆಲ್ಲ ಸುರಿದ. ಆಮೇಲೆ ವರ್ಷವರ್ಷದ ಅಭ್ಯಾಸ ಅವನ ಕೈಕಾಲುಗಳನ್ನು ತಾನೇ ನಡೆಸಿತು. ಬಾಗಿಲನ್ನು ತಳ್ಳಿ ಭದ್ರವಾಗಿ ಮುಚ್ಚಿದ. ಗವಾಕ್ಷಿಗಳಿಗೆ ಟವೆಲು, ಬನಿಯನ್ನು ತುರುಕಿದ. ಶಾಖ ಒಂದಿಷ್ಟೂ ಹೊರಗೆ ಹೋಗಬಾರದು! ನಡುವೆ ಬಾಗಿಲು ತೆಗೆದರೆ ಸೊಪ್ಪು ಕೆಟ್ಟುಹೋಗುತ್ತದೆ ಎಂದು ಎಷ್ಟು ಆಳುಗಳಿಗೆ ಬೈದಿಲ್ಲ ಅವನು?

ಬ್ಯಾರನ್ನಿನಲ್ಲಿ ಒಲೆಯ ಬಾಯಿ ಹೊರಗಿರುತ್ತದೆ. ಶಾಖ ಕೊಳವೆಯಲ್ಲಿ ಒಳಗೆ ಸುತ್ತಿ ಬರುತ್ತದೆ, ಹೊಗೆ ಮೇಲಿನಿಂದ ಹೊರಟುಹೋಗುತ್ತದೆ. ಇಲ್ಲಿ ಒಲೆ ಒಳಗಿತ್ತು, ಒಲೆಯ ಜೊತೆ ನಂಜಪ್ಪನೂ ಒಳಗಿದ್ದ. ಹೊಗೆಗೂಡಿನ ಬಾಯಿಗೆ ಬಾವಲಿ ಬರುತ್ತದೆಂದು ವಾಮನ ಎಂದೋ ಕಲ್ಲುಚಪ್ಪಡಿ ಹಾಕಿ ಮುಚ್ಚಿದ್ದ. ಈ ಸಣ್ಣ ವ್ಯತ್ಯಾಸ ನಮ್ಮ ಅಗ್ನಿವಿದ್ಯಾ ಪಾರಂಗತನ ಗಮನಕ್ಕೆ ಬಂದದ್ದು, ತನ್ನ ಕೈ ತನಗೇ ಕಾಣದಾದಾಗ.

"ಸಾ!" ಎಂದು ಕೂಗಿ ಕೆಮ್ಮಿದ. ಬಾಗಿಲು ತಡಕಾಡಿದ. ಸಮುದ್ರದ ಗಾಳಿಗೆ ಉಬ್ಬಿದ್ದ ಹಲಗೆ ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಹೆಡ್‌ಮಾಸ್ಟರು ಹೊರಗಿನಿಂದ ಶಕ್ತಿಮೀರಿ ತಳ್ಳಿದರು. ನಂಜಪ್ಪನೂ ಒಳಗಿನಿಂದ ಶಕ್ತಿಮೀರಿ ತಳ್ಳಿದ. ಇಬ್ಬರೂ ಸಮಬಲರಾದ್ದರಿಂದ ಬಾಗಿಲು ಇದ್ದಲ್ಲೇ ಇತ್ತು.

ಅಷ್ಟರಲ್ಲಿ ಹೆಂಚುಗಳ ಸಂದಿಯಿಂದೆಲ್ಲ ಹೊಗೆ ಎದ್ದು ದೀಪಸ್ತಂಭದ ನೆತ್ತಿಯವರೆಗೂ ಹೋಯಿತು. ದೀಪ ಆಗತಾನೇ ಹತ್ತಿತ್ತು. ಅದು ತಿರುಗಿದಾಗಲೆಲ್ಲ ಹೊಗೆಯ ರಾಶಿ ಬೆಳಗಿ ಊರಿಗೆಲ್ಲ ತೋರಿಸಿತು. ದಡಕ್ಕೆ ಬರುತ್ತಿದ್ದ ದೋಣಿಯಿಂದ ಯಾರೋ ವಾಮನನಿಗೆ ಫೋನು ಮಾಡಿ, "ಎಂತ ಮಾರಾಯಾ, ನಿನ್ನ ದೀಪ ಬೀಡಿ ಸೇದ್ತಾ ಉಂಟಲ್ಲ!" ಎಂದರಂತೆ. ವಾಮನ ಮೀನಿನ ಚೀಲದ ಸಮೇತ ಓಡಿ ಬಂದ. ಹೆಡ್‌ಮಾಸ್ಟರು "ಬೆಂಕಿ! ಬೆಂಕಿ! ನಂಜಪ್ಪನೋರು ಒಳಗವ್ರೆ!" ಎಂದು ಪ್ರಾರ್ಥನೆಯ ಹೊತ್ತಿನ ದೊಡ್ಡ ದನಿಯಲ್ಲಿ ಕೂಗುತ್ತಿದ್ದರು. ವಾಮನ ಭುಜ ಕೊಟ್ಟು ಗುದ್ದಿದ. ಬಾಗಿಲು ತೆರೆಯಿತು.

ಮೊದಲು ಹೊಗೆ ಬಂತು. ಅದರ ಹಿಂದೆ ನಂಜಪ್ಪ ಬಂದ, ಕಪ್ಪಗೆ, ಕೆಮ್ಮುತ್ತಾ, ಕೈಯಲ್ಲಿ ಮುದ್ದೆ ಕೋಲನ್ನು ಎತ್ತಿ ಹಿಡಿದುಕೊಂಡು. ವಾಮನ ಅವನನ್ನು ದಾಟಿ ಒಳಗೆ ನುಗ್ಗಿ, ಬೆಂಕಿ ಆರಿಸಲೆಂದು ಮೂಲೆಯಲ್ಲಿಟ್ಟಿದ್ದ ಕೆಂಪು ಬಕೀಟಿನ ಮರಳನ್ನು ಒಲೆಗೂ ಪಾತ್ರೆಗೂ ಸೇರಿಸಿ ಸುರಿದ.

"ಅಯ್ಯಯ್ಯೋ, ಅದ್ಕೆ ಮರಳು ಆಕ್ಬ್ಯಾಡಿ! ಅದು ಇಟ್ಟು!" ಎಂದು ನಂಜಪ್ಪ ಅರಚಿದ. ಹೆಡ್‌ಮಾಸ್ಟರ ಕಣ್ಣಲ್ಲಿ ನೀರು ಬಂತು. ಹೊಗೆಯಿಂದ ಇರಲಾರದು.

ಕಣ್ಣುಜ್ಜಿಕೊಂಡು ಮನೆಯ ಮುಂದಕ್ಕೆ ಬಂದ ನಂಜಪ್ಪ ಮೊದಲು ನೋಡಿದ್ದು ವರಾಂಡದ ಕಡೆಗೆ. ಚಿಕ್ಕಲಕ್ಷ್ಮಮ್ಮ ಕುರ್ಚಿಯಲ್ಲೇ ಕೂತಿದ್ದಳು. ಮುಖ ಸಮುದ್ರದ ಕಡೆಗಿತ್ತು. ಊರೆಲ್ಲ ಓಡಿ ಬಂದರೂ ಇವಳು ಎದ್ದು ಬರಲಿಲ್ಲವಲ್ಲ ಎಂದು ಅವನಿಗೆ ಎದೆಯಲ್ಲಿ ಚುಚ್ಚಿದಂತಾಯಿತು. ಬರಿಮೈಯಲ್ಲಿ ಹೋಗಿ ಅವಳ ಮುಂದೆ ನಿಂತ.

"ಏನದು?" ಎಂದಳು.

"ಇಟ್ಟು ಮಾಡಾಕೋದೆ."

"ಛತ್ರಿ ಭಾರ ಇದ್ದಾಗ್ಲೇ ಅಂದ್ಕಂಡೆ."

ಅವಳ ಕಣ್ಣು ಕೆಂಪಗಿತ್ತು. "ನಿಂಗೂ ಹೊಗೆ ತಾಕ್ತಾ?" ಎಂದು ಕೇಳಿದ.

"ಊ, ತಾಕ್ತು."

ಬಸವಲಿಂಗಮ್ಮ ಸುಮ್ಮನಿರುವ ಪೈಕಿಯಲ್ಲ. "ಎಲ್ಲಿ ಹೊಗೆ? ಗಾಳಿ ಆ ಕಡೆಗಿತ್ತು. ಬೆಂಕಿ ಅಂದೇಟ್ಗೆ ಕುರ್ಚಿ ಉರುಳ್ಸಿ, ಒಂದ್ಕಾಲಿಗೆ ಚಪ್ಲಿ ಇಲ್ದೆ ಓಡಿದ್ರಲ್ಲಪ್ಪ ನಿಮ್ಮೋರು! ನೀವು ಕೋಲು ಹಿಡ್ಕೊಂಡು ಈಚೆ ಬಂದಿದ್ದು ಕಂಡ್ಮೇಲೆ ತಿರ್ಗಿ ಬಂದು, ಕುರ್ಚಿ ಎತ್ತಿಟ್ಟು, ಏನೂ ಆಗಿಲ್ಲ ಅನ್ನೋ ಹಂಗೆ ಕೂತ್ಕೊಂಡ್ರು."

ನಂಜಪ್ಪ ಕೆಳಗೆ ನೋಡಿದ. ಅವಳ ಒಂದು ಕಾಲಿನ ಚಪ್ಪಲಿ ಅಂಗಳದ ನಡುವೆ ಮಗುಚಿ ಬಿದ್ದಿತ್ತು. ಅವನಿಗೆ ಮುದ್ದೆ, ಶುಂಠಿ, ಹೊಳೆನರಸೀಪುರ ಎಲ್ಲ ಮರೆತುಹೋಯಿತು. ಹೋಗಿ ಚಪ್ಪಲಿಯನ್ನು ತಂದು ಅವಳ ಕಾಲ ಹತ್ತಿರ ಇಟ್ಟ. ಬದುಕಿದೆನಲ್ಲ ಎಂಬ ಸಮಾಧಾನಕ್ಕಿಂತ ಇವಳು ಓಡಿ ಬಂದಳಲ್ಲ ಎಂಬ ಸಮಾಧಾನವೇ ದೊಡ್ಡದಾಗಿತ್ತು.

"ನನ್ನ ಕೇಳ್ಬೋದಿತ್ತಲ್ಲ" ಎಂದಳು ಅವಳು ಚಪ್ಪಲಿ ಹಾಕಿಕೊಳ್ಳುತ್ತಾ.

"ಕೇಳುದ್ರೆ ನೀನು ಹೊಳೆನರಸೀಪುರಕ್ಕೆ ಹೊರಡ್ತಿದ್ದೆ."

"ಒಲೆ ಮುಟ್ಟಕಿಲ್ಲ ಅಂದೆ. ಬಾಯಿ ಬುಡಕಿಲ್ಲ ಅಂದ್ನಾ? ಡಬ್ಬೀಲಿ ಇನ್ನೂ ಇಟ್ಟು ಉಳ್ದದಾ?"

"ಎಲ್ಲಾ ಸುರುದ್ಬುಟ್ಟೆ."

ಚಿಕ್ಕಲಕ್ಷ್ಮಮ್ಮ ಕುರ್ಚಿಯಿಂದ ಎದ್ದಳು. ಒಳಗೆ ಹೋಗಿ ತನ್ನ ಚೀಲದ ತಳದಿಂದ, ಸೀರೆಗಳ ಕೆಳಗಿನಿಂದ, ಒಂದು ಬಟ್ಟೆಯ ಗಂಟು ತಂದಳು. ಬಿಚ್ಚಿದರೆ ರಾಗಿ ಹಿಟ್ಟು.

"ಇದ್ಯಾಕೆ ತಂದಿದ್ದೆ?" ಎಂದ ನಂಜಪ್ಪ ಬೆಪ್ಪಾಗಿ.

"ನಿಮ್ಗೆ ಅನ್ನ ಸೇರಾಕಿಲ್ಲ ಅಂತ ನಂಗ್ ಗೊತ್ತಿಲ್ವಾ? ನಾಚ್ಕೆ ಬುಟ್ಟು ಬಾಯ್ಬಿಟ್ಟು ಕೇಳೋವರ್ಗೂ ಕೊಡಬಾರ್ದು ಅಂತಿದ್ದೆ. ನೋಡುದ್ರೆ ದೀಪದ ಮನೆಗೇ ಬೆಂಕಿ ಆಕಾಕೆ ಒಂಟ್ರಿ."

ಮರುದಿನ ಬೆಳಿಗ್ಗೆ ವಾಮನ ತನ್ನ ಗ್ಯಾಸ್ ಸ್ಟೌವನ್ನು ಅಂಗಳದ ಮಧ್ಯೆ, ನಾಲ್ಕೂ ಕಡೆ ಗಾಳಿಯಾಡುವ ಜಾಗದಲ್ಲಿ ಇಟ್ಟುಕೊಟ್ಟ. ಎರಡು ಮರಳಿನ ಬಕೀಟುಗಳನ್ನೂ ಪಕ್ಕದಲ್ಲಿಟ್ಟುಕೊಂಡ. ಚಿಕ್ಕಲಕ್ಷ್ಮಮ್ಮ ಕುರ್ಚಿಯನ್ನು ಈ ಕಡೆಗೆ ತಿರುಗಿಸಿ, ನಂಜಪ್ಪನಿಗೆ ಹೇಳಿಕೊಡಲು ಕೂತಳು. ಗಂಗಾಧರಯ್ಯನವರು ಪಾತ್ರೆ ಅಲುಗದಂತೆ ಹಿಡಿಯುವ ಜವಾಬ್ದಾರಿ ಹೊತ್ತರು.

"ನೀರು ಕುದೀಲಿ. ಕುದೀಲಿ ಅಂದ್ರೆ ಕುದೀಲಿ. ಊ, ಈಗ ಇಟ್ಟು ಉಯ್ಯಿ. ಕಲಕ್ಬ್ಯಾಡಿ! ಯಾರು ಕಲ್ಕು ಅಂದ್ರು? ನಡುಮಧ್ಯಕ್ಕೆ ಕೋಲು ನೆಟ್ಟು ಕೈ ಕಟ್ಕಂಡು ನಿಂತ್ಕಳಿ. ಅದು ಬೇಯ್ಬೇಕು."

"ಎಷ್ಟೊತ್ತು?"

"ವಾಸ್ನೆ ಬರೋವರ್ಗೂ. ಸೊಪ್ಪಿನ ವಾಸ್ನೆ ಗೊತ್ತಾತದೆ, ಇಟ್ಟಿನ ವಾಸ್ನೆ ಗೊತ್ತಾಗಾಕಿಲ್ವಾ? ...ಆಯ್ತು, ಈಗ ತಿರುವಿ. ಮೈ ಬಗ್ಸಿ. ಅಂಗಲ್ಲ, ಇಂಗೆ!"

ನಂಜಪ್ಪ ತಿರುವಿದ. ರಟ್ಟೆ ಬಿದ್ದುಹೋಗುವಂತೆ ತಿರುವಿದ. ಬೆವರು ಕಣ್ಣಿಗೆ ಇಳಿಯಿತು, ಬೆನ್ನು ಹಿಡಿದುಕೊಂಡಿತು. ಇದನ್ನು ಇವಳು ದಿನಕ್ಕೆರಡು ಸಲ, ಊರಿನ ಆಳುಗಳಿಗೆಲ್ಲ ಆಗುವಷ್ಟು ಮಾಡುತ್ತಿದ್ದಳೇ ಎಂದು ಬಾಯಿಗೆ ಬಂತು, ಆದರೆ ಹೇಳಲು ಉಸಿರು ಸಾಲಲಿಲ್ಲ. ಅವಳಿಗೆ ಹೇಳದೆಯೇ ತಿಳಿಯಿತು ಎಂದು ಕಾಣುತ್ತದೆ. ಕುರ್ಚಿಗೆ ಇನ್ನಷ್ಟು ಒರಗಿ ಕೂತಳು. ಕೈ ಒದ್ದೆ ಮಾಡಿಕೊಂಡು ಅವನು ಕಟ್ಟಿದ ಮುದ್ದೆಗಳು ಒಂದು ಗುಂಡಗೆ, ಒಂದು ಚಪ್ಪಟೆ, ಒಂದಕ್ಕಂತೂ ಮೂಲೆಗಳಿದ್ದವು.

ಆದರೆ ಬಂಗುಡೆ ಸಾರಿನಲ್ಲಿ ಹೊರಳಿಸಿ ಮೊದಲ ತುತ್ತು ಇಳಿಸಿದಾಗ ನಂಜಪ್ಪನ ಒಳಗೆ ಎಲ್ಲವೂ ತಂತಮ್ಮ ಜಾಗಕ್ಕೆ ಬಂದು ಕೂತವು. ಹೆಡ್‌ಮಾಸ್ಟರು ಬಸಳೆ ಸಾರಿನೊಂದಿಗೆ ಕಣ್ಣು ಮುಚ್ಚಿ ನುಂಗಿದರು. ವಾಮನ ಬಾಯಲ್ಲಿಟ್ಟು ಅಗಿಯುತ್ತಲೇ ಇದ್ದ, ಅದು ಹಲ್ಲು ಬಿಡಲೊಲ್ಲದು. "ಅಗೀಬ್ಯಾಡ ಕಣಣ್ಣ, ನುಂಗ್ಬುಡು" ಎಂದು ಎಲ್ಲರೂ ಒಂದೇ ಸಲ ಹೇಳಿದರು. ನುಂಗಿದ ಮೇಲೆ ಅವನು ನೀರು ಕುಡಿದು, "ಹೊಟ್ಟೆಗೆ ಲಂಗರು ಹಾಕಿದ ಹಾಗೆ ಆಯ್ತು" ಎಂದ. ಚಿಕ್ಕಲಕ್ಷ್ಮಮ್ಮ ಸದ್ದಿಲ್ಲದೆ ಎರಡು ಮುದ್ದೆ ಉಂಡಳು. "ಗಂಟು ಅದೆ" ಎಂದಷ್ಟೇ ಹೇಳಿದಳು, ಮೂರನೆಯದಕ್ಕೆ ಕೈ ಚಾಚುತ್ತಾ.

ವಾಪಸು ಬರುವ ದಾರಿಯುದ್ದಕ್ಕೂ ನಂಜಪ್ಪ ಹಗುರವಾಗಿದ್ದ. ಮೂರು ದಿನ ಮುಗಿದಿತ್ತು. ಅವಳು ಒಲೆ ಮುಟ್ಟಲಿಲ್ಲ. ಹೊಳೆನರಸೀಪುರದ ಗಂಡಾಂತರ ತಪ್ಪಿತು. ಶುಂಠಿ ಬದುಕಿತು. ಘಟ್ಟದ ತಿರುವುಗಳಲ್ಲಿ ಅವಳ ತಲೆ ಅವನ ಭುಜಕ್ಕೆ ಒರಗಿದಾಗ, ಛತ್ರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮೀಸೆಯಡಿಯಲ್ಲೇ ನಕ್ಕ. ದೀಪದ ಮನೆಯಲ್ಲಿ ಆದದ್ದು ದೀಪದ ಮನೆಯಲ್ಲೇ ಉಳಿಯಿತು ಎಂದುಕೊಂಡ.

(ಅಂಗಳದಲ್ಲಿ ಅವನು ಮೈ ಬಗ್ಗಿಸಿ ಮುದ್ದೆ ತಿರುವುತ್ತಿದ್ದಾಗ ಬಸವಲಿಂಗಮ್ಮ ಮೊಬೈಲು ಎತ್ತಿ ಹಿಡಿದಿದ್ದನ್ನು ಅವನು ಗಮನಿಸಿರಲಿಲ್ಲ. ಆ ವಿಡಿಯೋ ಚಿಕ್ಕಲಕ್ಷ್ಮಮ್ಮನ ಫೋನಿಗೂ, ಅಲ್ಲಿಂದ ಸ್ಪಂದನಾಗೂ, ಅಲ್ಲಿಂದ ನೆಂಟರ ಗುಂಪಿಗೂ ಅವನಿಗಿಂತ ಮೊದಲೇ ಘಟ್ಟ ಹತ್ತಿತ್ತು.)

ಆಟೋ ಮನೆಯ ಮುಂದೆ ನಿಂತಿತು. ಗೇಟಿನಲ್ಲಿ ಒಂದು ವ್ಯಾನು. ಜಗಲಿಯ ತುಂಬ ಜನ. ಅವರ ನಡುವೆ, ಚಿಕ್ಕಲಕ್ಷ್ಮಮ್ಮನ ಅಕ್ಕ, ಹೊಳೆನರಸೀಪುರದ ದೊಡ್ಡಲಕ್ಷ್ಮಮ್ಮ.

"ಬನ್ನಿ ನಂಜಪ್ಪೋರೆ, ಬನ್ನಿ!" ಎಂದು ಅವಳೇ ಎದುರುಗೊಂಡಳು. "ವಿಡಿಯೋ ನೋಡಿ ತಡ್ಯಾಕಾಗ್ಲಿಲ್ಲ. ನಮ್ಮೆಜಮಾನ್ರು, ಸೊಸೆ, ಮೊಮ್ಮಕ್ಳು ಎಲ್ರೂ ಬಂದ್ಬುಟ್ವಿ. ತಂಗಿ ಗಂಡ ಮಾಡಿದ್ ಇಟ್ಟು ಉಣ್ಣೋ ಭಾಗ್ಯ ಯಾವ್ ಮನೇಲದೆ ಹೇಳಿ? ಶುಂಠಿ ಕೆಲ್ಸ ಮುಗ್ಯೋವರ್ಗೂ ಇದ್ದು ಕೈ ಜೋಡಿಸ್ತೀವಿ. ಅಡ್ಗೆ ಒಂದು ನೀವು ನೋಡ್ಕಳಿ."

ನಂಜಪ್ಪ ಹೆಂಡತಿಯ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ಮೂರು ದಿನ ಆಯ್ತಲ್ಲ? ಈಗ ನೀನು ಒಲೆ ಮುಟ್ಟಬೋದಲ್ವಾ?" ಎಂದ.

"ಓಹೋ, ಮುಟ್ಟಬೋದು" ಎಂದಳು ಚಿಕ್ಕಲಕ್ಷ್ಮಮ್ಮ ನಗುತ್ತಾ. "ಆದ್ರೆ ಅವ್ರು ಅಷ್ಟ್ ದೂರದಿಂದ ಬಂದಿರೋದು ನನ್ನ ಇಟ್ಟು ಉಣ್ಣಾಕಲ್ವಲ್ಲ."

ಜಗಲಿಯ ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಅವಳು ಎಳೆದುಕೊಂಡು ಒಳಗೆ ಹೋದಳು. ಅಡುಗೆಮನೆಯಲ್ಲಿ ಒಲೆಗೆ ಎದುರಾಗಿ ಹಾಕಿ, ಒರಗಿ, ಕಾಲು ಚಾಚಿ ಕೂತಳು. ನಂಜಪ್ಪ ಛತ್ರಿಯೊಳಗಿನಿಂದ ಮುದ್ದೆ ಕೋಲನ್ನು ತೆಗೆದು ಅವಳ ಹಿಂದೆಯೇ ಹೋದ.

"ನೀರಿಡಿ" ಎಂದಳು ಅವಳು. "ಬಾಗ್ಲು ಮಾತ್ರ ಮುಚ್ಬ್ಯಾಡಿ."